ಫಲಿತಾಂಶಕ್ಕೆ ಮುಂಚೆ ಬರೆದ ನಾಲ್ಕು ಸಾಲು

ಶಿವಮೊಗ್ಗ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ನಾನು ಮ್ಯಾನೇಜರ್ ಆಗಿದ್ದಾಗ ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕವೊಂದಕ್ಕೆ ಸಾಲ ಕೊಟ್ಟಿದ್ದೆ. ಒಂದೂವರೆ ವರ್ಷದಲ್ಲಿ ಆ ಸಾಲ ಕೆಟ್ಟಿತು. ಕಂತು 90 ದಿನ ಮೀರಿ ಬಾಕಿ ನಿಂತು, ಖಾತೆ ಎನ್‌ಪಿಎ (ವಸೂಲಾಗದ ಸಾಲ) ಪಟ್ಟಿಗೆ ಸೇರಿತು. ತಪಾಸಣೆಗೆ ಬಂದ ಅಧಿಕಾರಿಗೆ ಕಾಫಿ ತರಿಸಿ, ಬಹಳ ಸಹಜವಾಗಿ ಹೇಳಿದೆ: "ನನಗೆ ಮೊದಲಿನಿಂದಲೂ ಒಂದು ಅನುಮಾನ ಇದ್ದೇ ಇತ್ತು. ಮಳೆಗಾಲದಲ್ಲಿ ಒಣ ಹಾಳೆ ಎಲ್ಲಿ ಸಿಗುತ್ತದೆ?" ಅವರು ಮಾತಾಡದೆ ಫೈಲಿನ ಪುಟಗಳನ್ನು ಮಗುಚಿ, ಒಂದು ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ ಇಟ್ಟರು. ನನ್ನದೇ ಕೈಬರಹ. "ಕಚ್ಚಾ ಮಾಲು ಸ್ಥಳೀಯವಾಗಿ ವರ್ಷವಿಡೀ ಲಭ್ಯ. ಪಾರ್ಟಿ ಶ್ರಮಜೀವಿ. ಮಂಜೂರು ಮಾಡಲಾಗಿದೆ."

ಅನುಮಾನದ ಒಂದಕ್ಷರವೂ ಅಲ್ಲಿರಲಿಲ್ಲ.

ನಾನು ಸುಳ್ಳು ಹೇಳಿರಲಿಲ್ಲ ಎಂಬುದೇ ಇಲ್ಲಿನ ವಿಚಿತ್ರ. ಆ ಅನುಮಾನ ನನಗೆ ನಿಜಕ್ಕೂ ನೆನಪಿತ್ತು. ಘಟಕದ ಶೆಡ್ಡಿಗೆ ಹೋದದ್ದು, ಮೂಲೆಯಲ್ಲಿ ಪೇರಿಸಿದ್ದ ಹಾಳೆಗಳನ್ನು ಮುಟ್ಟಿ ನೋಡಿದ್ದು, ಮಳೆ ಬಂದರೆ ಇವಕ್ಕೆ ಬೂಷ್ಟು ಹಿಡಿಯುತ್ತದಲ್ಲ ಎಂದುಕೊಂಡದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಸಾಲ ಕೆಟ್ಟ ಮೇಲೆ ಬೂಷ್ಟು ಹಿಡಿದ ಹಾಳೆಗಳನ್ನು ನೋಡಲು ಹೋಗಿದ್ದೆ. ಆ ದಿನದ ದೃಶ್ಯವನ್ನು ಮನಸ್ಸು ನನಗೆ ಹೇಳದೆ ಕೇಳದೆ ಹಿಂದಕ್ಕೆ ಒಯ್ದು, ಸಾಲ ಕೊಟ್ಟ ದಿನಕ್ಕೆ ಅಂಟಿಸಿತ್ತು.

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ನಮಗೆಲ್ಲ ಗೊತ್ತು. ಗಾದೆ ಹೇಳದೆ ಬಿಟ್ಟ ಸಂಗತಿ ಒಂದಿದೆ: ಕೆಟ್ಟ ಮೇಲೆ ಬಂದ ಬುದ್ಧಿ ಕೆಡುವುದಕ್ಕೆ ಮುಂಚೆಯೇ ಇತ್ತು ಎಂದು ನಾವು ಮನಸಾರೆ ನಂಬುತ್ತೇವೆ. ಇದನ್ನು ಅಳೆದು ತೋರಿಸಿದವರಿದ್ದಾರೆ. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1972ರಲ್ಲಿ ಮೊದಲು ಚೀನಾಕ್ಕೆ, ಅನಂತರ ಸೋವಿಯತ್ ಒಕ್ಕೂಟಕ್ಕೆ ಹೋದರು. ಅವರು ಹೊರಡುವ ಮುಂಚೆ ಬರೂಕ್ ಫಿಷ್‌ಹಾಫ್ ಮತ್ತು ರೂತ್ ಬೇಯ್ತ್ ಎಂಬ ಸಂಶೋಧಕರು ಇಸ್ರೇಲಿನ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಪಟ್ಟಿ ಕೊಟ್ಟರು. ನಿಕ್ಸನ್ ಮಾವೊ ಅವರನ್ನು ಭೇಟಿಯಾಗುವ ಸಾಧ್ಯತೆ ನೂರಕ್ಕೆ ಎಷ್ಟು, ಪ್ರವಾಸದಲ್ಲಿ ಇದಾಗಬಹುದೇ, ಅದಾಗಬಹುದೇ ಎಂಬಂಥ ಪ್ರಶ್ನೆಗಳು. ಪ್ರವಾಸ ಮುಗಿದ ಮೇಲೆ ಅದೇ ವಿದ್ಯಾರ್ಥಿಗಳನ್ನು ಕರೆದು, "ಆಗ ನೀವು ಬರೆದ ಸಂಖ್ಯೆಗಳನ್ನು ನೆನಪಿಸಿಕೊಂಡು ಮತ್ತೆ ಬರೆಯಿರಿ" ಎಂದರು. ನಡೆದ ಸಂಗತಿಗಳಿಗೆ ತಾವು ಮೊದಲು ಕೊಟ್ಟದ್ದಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದೆವು ಎಂದೂ, ನಡೆಯದವಕ್ಕೆ ಕಡಿಮೆ ಕೊಟ್ಟಿದ್ದೆವು ಎಂದೂ ಅವರಿಗೆ ನೆನಪಾಯಿತು. ಈ ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಕ್ರಿಕೆಟ್ ಪಂದ್ಯ ಮುಗಿದ ಮೇಲೆ "ನಾನು ಆಗಲೇ ಹೇಳಿದ್ದೆ" ಎನ್ನುವ ಮಾವನ ಮೇಲೆ ಅಂದಿನಿಂದ ನನಗೆ ಸಿಟ್ಟು ಬರುವುದಿಲ್ಲ. ಪಾಪ, ಅವರಿಗೆ ನಿಜಕ್ಕೂ ಹಾಗೆ ನೆನಪಿರುತ್ತದೆ.

ಮಾವನ ನೆನಪು ಯಾರಿಗೂ ತೊಂದರೆ ಕೊಡುವುದಿಲ್ಲ. ಹತ್ತು ಜನರ ಮೇಲೆ ಅಧಿಕಾರ ಇರುವವನ ನೆನಪು ಹಾಗಲ್ಲ. ಗುಮಾಸ್ತ ತಪ್ಪಾಗಿ ನೆನಪಿಟ್ಟುಕೊಂಡರೆ ಮೇಲಿನವರು ತಿದ್ದುತ್ತಾರೆ. ಮ್ಯಾನೇಜರ್, ಮುಖ್ಯೋಪಾಧ್ಯಾಯ, ಹಾಲಿನ ಸಂಘದ ಅಧ್ಯಕ್ಷ, ತಹಶೀಲ್ದಾರ್, ಆಸ್ಪತ್ರೆಯ ಆಡಳಿತಾಧಿಕಾರಿ, ಇವರು ತಪ್ಪಾಗಿ ನೆನಪಿಟ್ಟುಕೊಂಡರೆ ಸುತ್ತಲಿನವರು "ಹೌದು ಸಾರ್" ಎನ್ನುತ್ತಾರೆ. ಕುರ್ಚಿ ಎತ್ತರವಾದಷ್ಟೂ ಎದುರಿಗಿರುವ ಕನ್ನಡಿ ಮಸುಕಾಗುತ್ತ ಹೋಗುತ್ತದೆ. ತಾನು ಯಾವಾಗಲೂ ಸರಿಯಾಗಿಯೇ ಊಹಿಸಿದ್ದೆ ಎಂದು ನೆನಪಿರುವವನಿಗೆ ಕಲಿಯುವುದಕ್ಕೆ ಏನು ಉಳಿಯುತ್ತದೆ?

ನಾಯಕತ್ವದ ತರಬೇತಿಗಳಲ್ಲಿ ಸ್ವನಿರ್ವಹಣೆ, ಆತ್ಮಾವಲೋಕನ ಎಂಬ ಎರಡು ಶಬ್ದಗಳನ್ನು ಜೋಡಿಯಾಗಿ ಬಳಸುತ್ತಾರೆ. ಇಂಥ ತರಬೇತಿಗಳಿಗೆ ನಾನು ಸಾಕಷ್ಟು ಸಲ ಹೋಗಿದ್ದೇನೆ. ಊಟ ಚೆನ್ನಾಗಿರುತ್ತದೆ. ಬೆಳಿಗ್ಗೆ ಐದಕ್ಕೆ ಏಳಿ, ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತುಕೊಳ್ಳಿ, ನಿಮ್ಮ ದಿನವನ್ನು ಅವಲೋಕಿಸಿ ಎನ್ನುತ್ತಾರೆ. ಕಣ್ಣು ಮುಚ್ಚಿ ಕುಳಿತರೆ ಕಾಣುವುದು ಈಗಾಗಲೇ ತಿದ್ದಿಕೊಂಡ ನೆನಪು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಸಿಂಹಾವಲೋಕನ ಎಂಬ ನಮ್ಮ ಹಳೆಯ ಶಬ್ದ ಇದಕ್ಕಿಂತ ಮೇಲು. ಸಿಂಹ ಸ್ವಲ್ಪ ದೂರ ನಡೆದು, ನಿಂತು, ಕತ್ತು ತಿರುಗಿಸಿ ಬಂದ ದಾರಿಯನ್ನು ನೋಡುತ್ತದೆಯಂತೆ. ತಿರುಗಿ ನೋಡಿದಾಗ ನೆಲದ ಮೇಲೆ ಹೆಜ್ಜೆ ಗುರುತು ಇರಬೇಕು. ಗುರುತೇ ಇಲ್ಲದಿದ್ದರೆ ಸಿಂಹವಾದರೂ ಏನನ್ನು ನೋಡೀತು?

ಎರಡು ಶಬ್ದಗಳಲ್ಲಿ ಮೊದಲನೆಯದು ಸುಲಭ. ಒಳಗೆ ಏನೋ ಏಳುತ್ತದೆ: ಸಿಟ್ಟು, ಭಯ, ಆತುರ, ಹೊಗಳಿಕೆಯ ಅಮಲು. ಅದು ಎದ್ದದ್ದಕ್ಕೂ ಕೈ ಕೆಲಸ ಮಾಡುವುದಕ್ಕೂ ನಡುವೆ ಸ್ವಲ್ಪ ಸಮಯ ಇಡುವುದೇ ಸ್ವನಿರ್ವಹಣೆ. ಅಬ್ರಹಾಂ ಲಿಂಕನ್ ಇದಕ್ಕೆ ಕಾಗದ ಬಳಸಿದರು. ಅವರು ಅಧ್ಯಕ್ಷರಾಗಿದ್ದಾಗ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ ಮೊದಲ ಮೂರು ದಿನ ಗೆಟ್ಟಿಸ್‌ಬರ್ಗ್‌ನಲ್ಲಿ ಉತ್ತರದ ಸೇನೆ ಗೆದ್ದಿತು. ಆದರೆ ಜನರಲ್ ಮೀಡ್ ಸೋತ ಸೇನೆಯನ್ನು ಬೆನ್ನಟ್ಟಿ ಮುಗಿಸಲಿಲ್ಲ, ಅದು ಪೊಟೊಮ್ಯಾಕ್ ನದಿ ದಾಟಿ ತಪ್ಪಿಸಿಕೊಂಡಿತು. ಜುಲೈ 14ರಂದು ಲಿಂಕನ್ ಮೀಡ್‌ಗೆ ಉದ್ದನೆಯ ಪತ್ರ ಬರೆದರು. ಕೈಗೆ ಬಂದದ್ದನ್ನು ಬಿಟ್ಟಿರಿ, ಯುದ್ಧ ಈಗ ಎಷ್ಟು ಕಾಲ ಎಳೆಯುತ್ತದೋ ಎಂಬ ಸಂಕಟದ ಪತ್ರ ಅದು. ಬರೆದದ್ದನ್ನು ಲಕೋಟೆಗೆ ಹಾಕಿ, ಕಳಿಸಿಲ್ಲ, ಸಹಿಯೂ ಹಾಕಿಲ್ಲ ಎಂದು ಮೇಲೆ ಗುರುತು ಮಾಡಿ ಎತ್ತಿಟ್ಟರು. ಅಧ್ಯಕ್ಷರಿಗೆ ಅಸಮಾಧಾನ ಇದೆ ಎಂದು ತಿಳಿದು ಮೀಡ್ ಅದೇ ದಿನ ತಮ್ಮನ್ನು ಹುದ್ದೆಯಿಂದ ಬಿಡುಗಡೆ ಮಾಡಿ ಎಂದು ಕೇಳಿದ್ದರು. ಆ ಪತ್ರವೂ ಕೈಸೇರಿದ್ದರೆ ಅವರು ನಿಲ್ಲುತ್ತಿದ್ದುದು ಅನುಮಾನ.

ನನ್ನ ಮೇಜಿಗೂ ಅಂಥ ಒಂದು ಡ್ರಾಯರ್ ಇತ್ತು. ಸಿಬ್ಬಂದಿಗೆ ಮೆಮೊ ಕೊಡಬೇಕು ಎನ್ನಿಸಿದಾಗ ಬರೆದು ಅದರಲ್ಲಿ ಹಾಕಿ, ಮರುದಿನ ತೆಗೆದು ಓದುತ್ತಿದ್ದೆ. ನಿವೃತ್ತಿಯ ದಿನ ಕಳಿಸದ ಹನ್ನೊಂದು ಮೆಮೊಗಳು ಸಿಕ್ಕವು. ಒಂಬತ್ತನ್ನು ಓದಿ ನಾಚಿಕೆಯಾಯಿತು. ಎರಡನ್ನು ಕಳಿಸಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ. ತಡೆದದ್ದೆಲ್ಲ ವಿವೇಕವಲ್ಲ, ಕೆಲವು ಸಲ ಅದು ಬರೀ ಅಳುಕು. ಈಗಿನ ಮ್ಯಾನೇಜರುಗಳಿಗೆ ಡ್ರಾಯರ್ ಇಲ್ಲ, ವಾಟ್ಸ್‌ಆ್ಯಪ್ ಗುಂಪು ಇದೆ. ರಾತ್ರಿ ಹನ್ನೊಂದಕ್ಕೆ ಬಂದ ಸಿಟ್ಟು ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ನಲವತ್ತು ಜನರ ದಿಂಬಿನ ಪಕ್ಕ ಮಿನುಗುತ್ತದೆ. ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ, ಏನಿತ್ತೋ ಎಂಬ ಊಹೆ ಇನ್ನೂ ದೊಡ್ಡದಾಗುತ್ತದೆ.

ಎರಡನೆಯ ಶಬ್ದ ಕಷ್ಟದ್ದು, ಏಕೆಂದರೆ ಅದರ ನಕಲಿ ಬಹಳ ಸುಲಭವಾಗಿ ಸಿಗುತ್ತದೆ. ಆದದ್ದನ್ನೇ ಮತ್ತೆ ಮತ್ತೆ ನೆನೆದು ಕೊರಗುವುದನ್ನು ನಾವು ಅವಲೋಕನ ಎಂದು ತಿಳಿಯುತ್ತೇವೆ. ಕನ್ನಡದಲ್ಲಿ ಮೆಲುಕು ಹಾಕುವುದು ಎಂದರೆ ಸವಿ ನೆನಪುಗಳ ಕೆಲಸ. ಹಸು ಮೆಲುಕು ಹಾಕಿದರೆ ಮೇವು ಜೀರ್ಣವಾಗಿ ಹಾಲಾಗುತ್ತದೆ. ಮೀಟಿಂಗಿನಲ್ಲಿ ಮೇಲಧಿಕಾರಿ ಎಲ್ಲರೆದುರು ಬೈದದ್ದನ್ನು ರಾತ್ರಿ ಎರಡು ಗಂಟೆಗೆ ಮೆಲುಕು ಹಾಕುವ ಮನುಷ್ಯನಿಗೆ ಅದೇ ಮೇವು ಅದೇ ರುಚಿಯಲ್ಲಿ ಬಾಯಿಗೆ ಬರುತ್ತದೆ, ಒಳಗೆ ಇಳಿಯುವುದಿಲ್ಲ. ಮನಶ್ಶಾಸ್ತ್ರಜ್ಞರು ಈ ಎರಡನ್ನು ಬೇರೆ ಬೇರೆಯಾಗಿಯೇ ಅಳೆಯುತ್ತಾರೆ. ಕುತೂಹಲದಿಂದ ತನ್ನನ್ನು ನೋಡಿಕೊಳ್ಳುವುದು ಒಂದು, ಭಯದಿಂದ ನೋಡಿಕೊಳ್ಳುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ: ಮನುಷ್ಯ ಸುಮ್ಮನೆ ಕುಳಿತು ಗೋಡೆ ನೋಡುತ್ತಿರುತ್ತಾನೆ.

ಕೊರಗಿನಿಂದ ಹೊರಬರಲು ನನಗೆ ತಿಳಿದ ಉಪಾಯ ಸ್ವಲ್ಪ ದೂರ ನಿಲ್ಲುವುದು. ಇಂಟೆಲ್ ಕಂಪನಿ 1985ರಲ್ಲಿ ಮೆಮೊರಿ ಚಿಪ್ ವ್ಯವಹಾರದಲ್ಲಿ ಜಪಾನಿನವರಿಂದ ಹೊಡೆತ ತಿನ್ನುತ್ತಿತ್ತು. ಕಂಪನಿ ಬೆಳೆದದ್ದೇ ಆ ಚಿಪ್ಪಿನಿಂದ, ಬಿಡಲು ಮನಸ್ಸು ಬಾರದು. ಆಂಡಿ ಗ್ರೋವ್ ತಮ್ಮ ಜೊತೆಗಾರ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮಿಬ್ಬರನ್ನೂ ತೆಗೆದುಹಾಕಿ ಹೊಸ ಮುಖ್ಯಸ್ಥನನ್ನು ತಂದರೆ ಅವನು ಏನು ಮಾಡುತ್ತಾನೆ? ಮೆಮೊರಿ ಚಿಪ್ ಬಿಡುತ್ತಾನೆ, ಎಂದರು ಮೂರ್. ಹಾಗಾದರೆ ನಾವೇ ಬಾಗಿಲಿನಿಂದ ಹೊರಗೆ ಹೋಗಿ, ಒಳಗೆ ಬಂದು, ಅದನ್ನು ಮಾಡಬಾರದೇಕೆ ಎಂದರು ಗ್ರೋವ್. ನಮ್ಮ ಹರಿದಾಸರು ತಮ್ಮ ಮನಸ್ಸನ್ನೇ ಎದುರಿಗೆ ಕೂರಿಸಿ, ಬೇರೆ ಯಾರೋ ಎಂಬಂತೆ ಗದರಿ ಬುದ್ಧಿ ಹೇಳಿದ್ದೂ ಇದೇ ಉಪಾಯ. ತನ್ನನ್ನು ತಾನು ಮೂರನೆಯವನಂತೆ ಕಂಡಾಗ ಲೆಕ್ಕ ಸ್ಪಷ್ಟವಾಗುತ್ತದೆ.

ಆದರೂ ನೆನಪಿನ ಮೋಸ ಇದರಿಂದ ತಪ್ಪುವುದಿಲ್ಲ. ಅದಕ್ಕೆ ಇರುವ ಮದ್ದು ಒಂದೇ, ಅದೂ ಬಹಳ ಸಪ್ಪೆಯಾದದ್ದು: ಫಲಿತಾಂಶ ಬರುವ ಮುಂಚೆ ಬರೆದಿಡುವುದು. ಆಡಳಿತ ಶಾಸ್ತ್ರವನ್ನು ಒಂದು ವಿದ್ಯೆಯಾಗಿ ಕಟ್ಟಿದ ಪೀಟರ್ ಡ್ರಕರ್ 1999ರ ಒಂದು ಲೇಖನದಲ್ಲಿ ತಮ್ಮ ರೂಢಿಯನ್ನು ವಿವರಿಸಿದರು. ಮುಖ್ಯವಾದ ನಿರ್ಧಾರ ಮಾಡಿದಾಗ ಏನಾಗುತ್ತದೆಂದು ನಿರೀಕ್ಷಿಸುತ್ತೀರೋ ಅದನ್ನು ಬರೆಯಿರಿ, ಒಂಬತ್ತು ಅಥವಾ ಹನ್ನೆರಡು ತಿಂಗಳ ಮೇಲೆ ತೆಗೆದು ನಿಜವಾಗಿ ಆದದ್ದರ ಜೊತೆ ಹೋಲಿಸಿ. ಅಷ್ಟೇ. ಧಾರ್ಮಿಕ ಪರಂಪರೆಗಳಿಗೆ ಇದರ ಹತ್ತಿರದ ಅಭ್ಯಾಸಗಳು ಹೊಸವಲ್ಲ. ಜೈನರ ಪ್ರತಿಕ್ರಮಣದಲ್ಲಿ ದಿನದ ತಪ್ಪುಗಳನ್ನು ಸಂಜೆಯೂ ರಾತ್ರಿಯವನ್ನು ಬೆಳಿಗ್ಗೆಯೂ ನೆನೆಯುತ್ತಾರೆ. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಕಟ್ಟಿದ ಯೇಸುಸಭೆಯವರಿಗೆ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಆತ್ಮಶೋಧನೆಯ ಕಟ್ಟಳೆ ಇದೆ. ಇವೆಲ್ಲ ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ಡ್ರಕರ್ ಹೇಳಿದ್ದು ಊಹೆಯನ್ನು ಪರೀಕ್ಷಿಸುವುದಕ್ಕೆ. ಎರಡರ ನಡುವಿನ ವ್ಯತ್ಯಾಸ ನಾನು ಮಾಡಿ ನೋಡಿದಾಗಷ್ಟೇ ಅರ್ಥವಾಯಿತು.

ಹಾಳೆ ತಟ್ಟೆಯ ಅವಮಾನದ ನಂತರ ಇನ್ನೂರು ಪುಟದ ಒಂದು ನೋಟ್ ಪುಸ್ತಕ ಕೊಂಡೆ. ದೊಡ್ಡ ನಿರ್ಧಾರಕ್ಕೆ ನಾಲ್ಕು ಸಾಲು, ಅದಕ್ಕಿಂತ ಹೆಚ್ಚು ಬರೆಯಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡೆ. ಹೆಚ್ಚು ಬರೆದರೆ ಸಮರ್ಥನೆ ಶುರುವಾಗುತ್ತದೆ. ಒಂದು ಪುಟ ಹೀಗಿದೆ:

"ಹೊಸ ಅಧಿಕಾರಿಯನ್ನು ಸಾಲ ವಿಭಾಗಕ್ಕೆ ಹಾಕುತ್ತಿದ್ದೇನೆ. ಆರು ತಿಂಗಳೊಳಗೆ ಬಾಕಿ ಅರ್ಜಿಗಳು ಅರ್ಧಕ್ಕೆ ಇಳಿಯಬೇಕು. ನಂಬಿಕೆ ನೂರಕ್ಕೆ 80. ರಾತ್ರಿ ನಿದ್ದೆ ಇಲ್ಲ, ವಲಯ ಕಚೇರಿಯಿಂದ ಬೆಳಿಗ್ಗೆ ಎರಡು ಫೋನು."

ನಿರ್ಧಾರ, ನಿರೀಕ್ಷೆ, ನಂಬಿಕೆಯ ಅಳತೆ, ಆ ದಿನದ ನನ್ನ ಸ್ಥಿತಿ. ಮೂರನೆಯ ಸಾಲು ಬರೆಯುವಾಗ ಕೈ ತಡೆಯುತ್ತದೆ. "ಆಗಬಹುದು" ಎಂದು ಬರೆದರೆ ಆಮೇಲೆ ಯಾವ ಕಡೆಗೆ ಬೇಕಾದರೂ ಜಾರಬಹುದು, 80 ಎಂದು ಬರೆದರೆ ಜಾರಲಾಗದು. ನಾಲ್ಕನೆಯ ಸಾಲನ್ನು ಸುಮ್ಮನೆ ಸೇರಿಸಿದ್ದೆ. ಕೊನೆಗೆ ಹೆಚ್ಚು ಕಲಿಸಿದ್ದು ಅದೇ.

ವರ್ಷ ಕಳೆದು ಪುಟಗಳನ್ನು ತಿರುಗಿಸಿದಾಗ ಕಂಡದ್ದು ಹೀಗೆ. ನಾನು 80 ಎಂದು ಬರೆದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ನಿಜವಾಗಿತ್ತು. ಅಂಕಿಸಂಖ್ಯೆಯ ವಿಷಯಗಳಲ್ಲಿ ನನ್ನ ಊಹೆ ಪರವಾಗಿಲ್ಲ. ಮನುಷ್ಯರ ವಿಷಯದಲ್ಲಿ ಚೆನ್ನಾಗಿ ಮಾತಾಡುವವರಿಗೆ ಯಾವಾಗಲೂ ಹತ್ತಿಪ್ಪತ್ತು ಅಂಕ ಹೆಚ್ಚು ಕೊಟ್ಟಿದ್ದೆ, ಮೌನಿಗಳಿಗೆ ಕಡಿಮೆ. ಆ ಹೊಸ ಅಧಿಕಾರಿಯ ಮಾತು ಬೆಣ್ಣೆ, ಅರ್ಜಿಗಳು ಮಾತ್ರ ಕಟ್ಟು ಕಟ್ಟಾಗಿ ಬೆಳೆದವು. ಇವೆಲ್ಲಕ್ಕಿಂತ ಎದ್ದು ಕಂಡದ್ದು ಮಾರ್ಚ್ ತಿಂಗಳು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ, ಹಣಕಾಸು ವರ್ಷ ಮುಗಿಯುವ ಮಾರ್ಚ್ ಕೊನೆಯ ವಾರ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಆ ವಾರ ಬರೆದ ನಾಲ್ಕನೆಯ ಸಾಲುಗಳಲ್ಲೆಲ್ಲ ಗುರಿ, ಫೋನು, ನಿದ್ದೆ ಇಲ್ಲ, ಇವೇ ಇದ್ದವು. ಆ ವಾರದ ನಿರ್ಧಾರಗಳಲ್ಲಿ ನೆಟ್ಟಗಾದವು ಬೆರಳೆಣಿಕೆಯಷ್ಟು. ಹಾಳೆ ತಟ್ಟೆಯ ಫೈಲಿನ ತಾರೀಖನ್ನು ಆಮೇಲೆ ಹೋಗಿ ನೋಡಿದೆ. ಮಾರ್ಚ್ 27.

ಇಲ್ಲಿ ಕ್ರಿಸ್ ಆರ್ಗಿರಿಸ್ ಎಂಬ ವಿದ್ವಾಂಸ ಮಾಡಿದ ಒಂದು ವಿಂಗಡಣೆ ಉಪಯೋಗಕ್ಕೆ ಬರುತ್ತದೆ. ಕೋಣೆಯ ಶಾಖ ಒಂದು ಮಟ್ಟ ದಾಟಿದರೆ ಏಸಿ ತಾನಾಗಿ ಚಾಲೂ ಆಗುತ್ತದೆ, ಇಳಿದರೆ ನಿಲ್ಲುತ್ತದೆ. ತಪ್ಪು ಕಂಡಾಗ ಅದನ್ನಷ್ಟೇ ಸರಿಪಡಿಸುವ ಕಲಿಕೆ ಇಂಥದ್ದು. ಆ ಮಟ್ಟವನ್ನು 24ಕ್ಕೆ ಇಟ್ಟವರು ಯಾರು, ಏಕೆ, ಅದು ಸರಿಯೇ ಎಂದು ಕೇಳುವುದು ಎರಡನೆಯ ಸುತ್ತಿನ ಕಲಿಕೆ. ಹಾಳೆ ತಟ್ಟೆಯ ಸಾಲ ಕೆಟ್ಟಾಗ ನಮ್ಮ ವಲಯ ಕಚೇರಿ ಮೊದಲ ಸುತ್ತಿನಲ್ಲಿ ನಿಂತಿತು: ಕಚ್ಚಾ ಮಾಲು ಯಾವ ಋತುವಿನಲ್ಲಿ ಸಿಗುತ್ತದೆಂದು ಕಡ್ಡಾಯವಾಗಿ ಪರಿಶೀಲಿಸತಕ್ಕದ್ದು ಎಂಬ ಸುತ್ತೋಲೆ ಬಂತು, ಅರ್ಜಿ ನಮೂನೆಗೆ ಒಂದು ಅಂಕಣ ಸೇರಿತು. ಮಲೆನಾಡಿನಲ್ಲೇ ಹುಟ್ಟಿ ಬೆಳೆದು, ಹಾಳೆ ಬೀಳುವುದು ಯಾವಾಗ ಎಂದು ಬಾಲ್ಯದಿಂದ ಗೊತ್ತಿದ್ದ ಒಬ್ಬ ಮನುಷ್ಯ "ವರ್ಷವಿಡೀ ಲಭ್ಯ" ಎಂದು ಹೇಗೆ ಬರೆದ? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಉತ್ತರ ಆ ತಾರೀಖಿನಲ್ಲಿತ್ತು, ಗುರಿಯಲ್ಲಿತ್ತು. ಗುರಿ ಹಾಕಿದವರು ಸುತ್ತೋಲೆ ಕಳಿಸಿದವರೇ.

ಬರೆದಿಟ್ಟ ಪುಸ್ತಕ ಇನ್ನೊಂದು ಬಗೆಯ ಮೋಸವನ್ನೂ ಹಿಡಿದುಕೊಡುತ್ತದೆ. ಒಂದು ಸಾಲವನ್ನು ನಾನು ದಾಖಲೆ ಸರಿಯಿಲ್ಲದಿದ್ದರೂ ಯಾರದೋ ಮುಲಾಜಿಗೆ ಕೊಟ್ಟಿದ್ದೆ. ನಂಬಿಕೆ ನೂರಕ್ಕೆ 40 ಎಂದು ಪುಸ್ತಕದಲ್ಲಿದೆ. ಆ ಪಾರ್ಟಿಯ ಜಮೀನಿನ ಪಕ್ಕ ಹೆದ್ದಾರಿ ಬಂದು, ಬೆಲೆ ಏರಿ, ಸಾಲ ಪೂರ್ತಿ ತೀರಿತು. ಶಾಖೆಯಲ್ಲಿ ಎಲ್ಲರೂ ನನ್ನ ದೂರದೃಷ್ಟಿಯನ್ನು ಹೊಗಳಿದರು. ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷೆ 1988ರಲ್ಲಿ ಇದನ್ನೇ ಪ್ರಯೋಗದಲ್ಲಿ ತೋರಿಸಿದರು. ಹೃದಯದ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ವೈದ್ಯರ ಒಂದೇ ನಿರ್ಧಾರ, ಕಾರಣಗಳೂ ಅವೇ. ರೋಗಿ ಬದುಕಿದ ಎಂದು ಓದಿದವರು ನಿರ್ಧಾರಕ್ಕೆ ಹೆಚ್ಚು ಅಂಕ ಕೊಟ್ಟರು, ಸತ್ತ ಎಂದು ಓದಿದವರು ಕಡಿಮೆ ಕೊಟ್ಟರು. ಕೆಟ್ಟ ಫಲಿತಾಂಶವನ್ನು ಹೇಗೂ ಯಾರಾದರೂ ವಿಚಾರಿಸುತ್ತಾರೆ. ಅದೃಷ್ಟದಿಂದ ಗೆದ್ದ ಕೆಟ್ಟ ನಿರ್ಧಾರವನ್ನು ಯಾರೂ ವಿಚಾರಿಸುವುದಿಲ್ಲ, ಬಡ್ತಿ ಕೊಡುತ್ತಾರೆ. ಆ 40 ಎಂಬ ಅಂಕಿ ಪುಸ್ತಕದಲ್ಲಿ ಇಲ್ಲದಿದ್ದರೆ ದೂರದೃಷ್ಟಿಯ ಮಾತನ್ನು ನಾನೂ ನಂಬಿಬಿಡುತ್ತಿದ್ದೆ.

ಒಬ್ಬನೇ ಕುಳಿತು ಬರೆಯುವುದಕ್ಕೂ ಒಂದು ಮಿತಿ ಇದೆ. ನನಗೆ ಹೊಳೆಯದ್ದನ್ನು ನಾನು ಬರೆಯಲಾರೆ. ಅದನ್ನು ಬೇರೆಯವರು ಹೇಳಬೇಕು, ಅವರು ಹೇಳುವ ಹಾಗೆ ಕೋಣೆ ಇರಬೇಕು. ಒಬ್ಬನೇ ಮನುಷ್ಯ ಹದಿನೆಂಟು ತಿಂಗಳ ಅಂತರದಲ್ಲಿ ಎರಡು ಬಗೆಯ ಕೋಣೆ ನಡೆಸಿದ ಉದಾಹರಣೆ ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಯದು. 1961ರ ಏಪ್ರಿಲ್ 17ರಂದು ಅಮೆರಿಕದ ಗುಪ್ತಚರ ಸಂಸ್ಥೆ ತರಬೇತಿ ಕೊಟ್ಟ ಸುಮಾರು 1,400 ಮಂದಿ ಕ್ಯೂಬಾ ವಲಸಿಗರು ಕ್ಯಾಸ್ಟ್ರೊ ಸರ್ಕಾರವನ್ನು ಉರುಳಿಸಲು ಬೇ ಆಫ್ ಪಿಗ್ಸ್ ಕಡಲತೀರದಲ್ಲಿ ಇಳಿದರು. ಮೂರೇ ದಿನದಲ್ಲಿ ಎಲ್ಲ ಮುಗಿಯಿತು, 1,100ಕ್ಕೂ ಹೆಚ್ಚು ಮಂದಿ ಸೆರೆಯಾದರು. ಯೋಜನೆಯ ಹುಳುಕು ಕೆನಡಿಯ ಸುತ್ತಲಿದ್ದ ಕೆಲವರಿಗೆ ಮೊದಲೇ ಕಂಡಿತ್ತು. ಸಲಹೆಗಾರ ಆರ್ಥರ್ ಶ್ಲೆಸಿಂಜರ್ ವಿರೋಧಿಸಿ ಟಿಪ್ಪಣಿಯನ್ನೇ ಬರೆದುಕೊಟ್ಟಿದ್ದರು, ಆದರೆ ಸಭೆಯಲ್ಲಿ ಸುಮ್ಮನೆ ಕುಳಿತರು. ಆ ಮೌನಕ್ಕಾಗಿ ಅವರು ಮುಂದೆ ತಮ್ಮನ್ನು ತಾವೇ ಹಳಿದುಕೊಂಡರು. ಮೇಜಿನ ತುದಿಯಲ್ಲಿ ಅಧ್ಯಕ್ಷರು ಕುಳಿತಿದ್ದಾರೆ, ಸೇನಾಪತಿಗಳು ಎದೆಯ ತುಂಬ ಪದಕ ಹಾಕಿಕೊಂಡು ಆಗುತ್ತದೆ ಎನ್ನುತ್ತಿದ್ದಾರೆ. ಕೈ ಎತ್ತಿ ಇಲ್ಲ ಎನ್ನುವುದು ಎಷ್ಟು ಕಷ್ಟ ಎಂಬುದು ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಕುಳಿತವರಿಗೂ ಗೊತ್ತು.

ಕೆನಡಿ ಹೊಣೆ ಹೊತ್ತುಕೊಂಡು, ಏನಾಯಿತೆಂದು ನೋಡಲು ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ನೇತೃತ್ವದಲ್ಲಿ ವಿಚಾರಣೆ ಮಾಡಿಸಿದರು. 1962ರ ಅಕ್ಟೋಬರ್ 16ರಂದು ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿರುವ ಚಿತ್ರಗಳನ್ನು ಅವರ ಮುಂದಿಟ್ಟಾಗ ಅವರ ಮೊದಲ ಒಲವು ವಿಮಾನ ದಾಳಿಯ ಕಡೆಗೇ ಇತ್ತು. ಆದರೆ ಈ ಸಲ ಕೋಣೆ ಬೇರೆಯಾಗಿತ್ತು. ಕೆಲವು ಸಭೆಗಳಿಗೆ ಅವರು ಬೇಕೆಂದೇ ಹೋಗಲಿಲ್ಲ, ಅಧ್ಯಕ್ಷರ ಮುಖ ನೋಡಿ ಅಭಿಪ್ರಾಯ ತಿರುಗಿಸುವವರಿಗೆ ಮುಖವೇ ಸಿಗಬಾರದೆಂದು. ಸಲಹೆಗಾರರು ಎರಡು ಗುಂಪಾಗಿ, ಒಬ್ಬರು ದಾಳಿಯ ಪರ, ಇನ್ನೊಬ್ಬರು ದಿಗ್ಬಂಧನದ ಪರ ಬರೆದು, ಕಾಗದ ಅದಲು ಬದಲು ಮಾಡಿಕೊಂಡು ಹುಳುಕು ಹುಡುಕಿದರು. ಅಕ್ಟೋಬರ್ 22ರಂದು ನೌಕಾ ದಿಗ್ಬಂಧನದ ಘೋಷಣೆಯಾಯಿತು. 28ರಂದು ಕ್ಷಿಪಣಿ ಹಿಂತೆಗೆಯಲು ಸೋವಿಯತ್ ನಾಯಕ ಕ್ರುಶ್ಚೇವ್ ಒಪ್ಪಿದರು. ಎರಡು ಸಲವೂ ಮೇಜಿನ ಸುತ್ತ ಕುಳಿತವರಲ್ಲಿ ಅನೇಕರು ಅವರೇ. ಮನಶ್ಶಾಸ್ತ್ರಜ್ಞ ಇರ್ವಿಂಗ್ ಜಾನಿಸ್ 1972ರಲ್ಲಿ ಗುಂಪಿನ ಒಮ್ಮತದ ಕುರುಡನ್ನು ವಿವರಿಸಿದಾಗ ಈ ಜೋಡಿಯನ್ನೇ ಪಕ್ಕಪಕ್ಕ ಇಟ್ಟು ತೋರಿಸಿದರು.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ಕಥೆಯನ್ನು ಇಲ್ಲಿ ಸ್ವಲ್ಪ ಬೇರೆ ತುದಿಯಿಂದ ಹಿಡಿಯಬೇಕು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಹೊಣೆ ಅಬ್ದುಲ್ ಕಲಾಂ ಅವರದು. ಪತ್ರಕರ್ತರ ಮುಂದೆ ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಗೆದ್ದಾಗ ಧವನ್ ಹಿಂದೆ ಸರಿದು ಕಲಾಂ ಅವರನ್ನು ಮುಂದೆ ಬಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು 1962ರಿಂದ 1981ರವರೆಗೆ ನಡೆಸಿದ ದೊಡ್ಡ ಮನುಷ್ಯನ ಉದಾರತೆ ಎಂದು ಈ ಕಥೆಯನ್ನು ಹೇಳುತ್ತೇವೆ. ಕಲಾಂ ಇದರ ಜೊತೆಗೆ ಹೇಳುತ್ತಿದ್ದ ಇನ್ನೊಂದು ಭಾಗವನ್ನು ಮಾತ್ರ ಬಿಟ್ಟುಬಿಡುತ್ತೇವೆ. ಉಡಾವಣೆಗೆ ಸ್ವಲ್ಪ ಮುಂಚೆ ಕಂಪ್ಯೂಟರ್ ತಡೆ ಹಾಕಿತ್ತು. ಸೋರಿಕೆ ಇದ್ದರೂ ತೊಂದರೆಯಿಲ್ಲ ಎಂದು ತಜ್ಞರು ಲೆಕ್ಕ ಹಾಕಿ ಹೇಳಿದರು, ಕಲಾಂ ಕಂಪ್ಯೂಟರಿನ ಮಾತನ್ನು ಬದಿಗಿಟ್ಟು ಹಾರಿಸಿದರು. ಎರಡನೆಯ ಹಂತದ ನಿಯಂತ್ರಣ ಕೆಟ್ಟಿತು. ಇದನ್ನು ಅವರು ಯಾವ ಮುಚ್ಚುಮರೆಯಿಲ್ಲದೆ ಮಕ್ಕಳ ಮುಂದೆಯೂ ಹೇಳುತ್ತಿದ್ದರು. ಹೊರಗಿನ ಏಟನ್ನು ಮೇಲಿನವನು ತಡೆದಾಗ ಒಳಗಿನವರು ಸತ್ಯ ಮಾತಾಡಲು ಹೆದರುವುದಿಲ್ಲ. ಧವನ್ ಅಂದು ಮಾಡಿದ್ದನ್ನು ನಾನು ಉದಾರತೆ ಎನ್ನುವುದಕ್ಕಿಂತ ಒಳ್ಳೆಯ ತನಿಖೆಗೆ ಹಾಕಿದ ಅಡಿಪಾಯ ಎನ್ನುತ್ತೇನೆ.

ಶಾಖೆಯ ಮಟ್ಟದಲ್ಲಿ ಇದರಿಂದ ನಾನು ಕದ್ದದ್ದು ಸಣ್ಣದು. ಬೆಳಗಿನ ಸಭೆಯಲ್ಲಿ ಕೊನೆಗೆ ಮಾತಾಡಲು ಶುರುಮಾಡಿದೆ, ಎಲ್ಲರಿಗಿಂತ ಕಿರಿಯರಿಂದ ಮಾತು ಆರಂಭ. ಮೊದಲ ವಾರ ಎಲ್ಲರೂ ನೆಲ ನೋಡಿದರು. ಎರಡನೆಯ ವಾರ ನಗದು ಕೌಂಟರಿನ ಹುಡುಗಿ, "ಸಾರ್, ನೀವು ಹೊಸದಾಗಿ ತಂದ ಟೋಕನ್ ವ್ಯವಸ್ಥೆಯಿಂದ ವಯಸ್ಸಾದವರು ಎರಡು ಸಲ ನಿಲ್ಲಬೇಕಾಗಿದೆ" ಎಂದಳು. ನನ್ನ ಕಿವಿ ಬಿಸಿಯಾದದ್ದು ನನಗೇ ತಿಳಿಯಿತು. ಅವಳು ಹೇಳಿದ್ದು ಸರಿ ಎಂದು ಒಪ್ಪುವುದಕ್ಕೆ ಊಟದ ಹೊತ್ತಿನವರೆಗೆ ಸಮಯ ಬೇಕಾಯಿತು. ಈ ಬಿಸಿ ಕಿವಿ ಇದೆಯಲ್ಲ, ಸ್ವನಿರ್ವಹಣೆಯೂ ಅವಲೋಕನವೂ ಕೂಡುವ ಜಾಗ ಅದು. ಆ ಹೊತ್ತಿನಲ್ಲಿ ನಾನು ಗದರಿದ್ದರೆ ಮೂರನೆಯ ವಾರ ಯಾರೂ ಬಾಯಿ ಬಿಡುತ್ತಿರಲಿಲ್ಲ, ನನ್ನ ಪುಸ್ತಕದಲ್ಲಿ ಟೋಕನ್ ವ್ಯವಸ್ಥೆ ಯಶಸ್ವಿ ಎಂದೇ ಉಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ಸರ್ಕಾರಿ, ಅರೆಸರ್ಕಾರಿ ಕಚೇರಿಗಳಲ್ಲಿ ಬರೆದದ್ದು ದಾಖಲೆಯಾಗುತ್ತದೆ, ದಾಖಲೆ ಆರೋಪಪಟ್ಟಿಯಾಗುತ್ತದೆ. "ನನ್ನ ನಂಬಿಕೆ ನೂರಕ್ಕೆ 40" ಎಂದು ಬರೆದದ್ದು ವಿಚಕ್ಷಣಾ ವಿಭಾಗದವರ ಕೈಗೆ ಸಿಕ್ಕರೆ ಆತ್ಮಾವಲೋಕನಕ್ಕೆ ಮೆಚ್ಚಿ ಹಾರ ಹಾಕುವುದಿಲ್ಲ. ಅದಕ್ಕೇ ನನ್ನ ಪುಸ್ತಕದಲ್ಲಿ ಯಾರ ಹೆಸರೂ, ಖಾತೆಯ ಸಂಖ್ಯೆಯೂ ಇಲ್ಲ, ಅದು ಕಚೇರಿಗೆ ಎಂದೂ ಬಂದದ್ದೂ ಇಲ್ಲ. ವಿದೇಶದ ಪಂಡಿತರು ಇಂಥ ಸಂಗತಿಗಳನ್ನು ಬರೆಯುವುದಿಲ್ಲ, ಅವರಿಗೆ ಅದರ ಅಗತ್ಯ ಬಿದ್ದಿಲ್ಲವೇನೋ. ಇನ್ನು ಸಮಯದ ಮಾತು. ದಿನವೂ ಬರೆಯುತ್ತೇನೆ ಎಂದು ಹೊರಟವರು ಹದಿನೈದು ದಿನಕ್ಕೆ ನಿಲ್ಲಿಸುತ್ತಾರೆ, ನಾನೂ ನಿಲ್ಲಿಸಿದ್ದೆ. ಎರಡನೆಯ ಮತ್ತು ನಾಲ್ಕನೆಯ ಶನಿವಾರ ಬ್ಯಾಂಕಿಗೆ ರಜೆ ಆದ ಮೇಲೆ, ಆ ಎರಡು ಬೆಳಗು ತಿಂಡಿಗೆ ಮುಂಚೆ ಅರ್ಧ ಗಂಟೆ ಹಳೆಯ ಪುಟಗಳಿಗೆ ಎಂದು ಗೊತ್ತುಮಾಡಿಕೊಂಡೆ. ಮನೆಯವರು ಅದನ್ನು ನನ್ನ ಪಾಪ ಎಣಿಸುವ ಹೊತ್ತು ಎನ್ನುತ್ತಿದ್ದರು.

ನಿವೃತ್ತಿಯಾಗಿ ಎರಡು ವರ್ಷದ ಮೇಲೆ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಹಾಳೆ ತಟ್ಟೆ. ಪಕ್ಕದ ಸಾಲಿನಿಂದ ಒಬ್ಬರು ಎದ್ದು ಬಂದು ಕೈ ಮುಗಿದರು. ಅದೇ ಪಾರ್ಟಿ. ಸಾಲವನ್ನು ಬ್ಯಾಂಕಿನೊಂದಿಗೆ ರಾಜಿ ಮಾಡಿಕೊಂಡು ತೀರಿಸಿ, ಈಗ ಬೇರೆಯವರ ಘಟಕದಲ್ಲಿ ಮೇಲ್ವಿಚಾರಕರಾಗಿದ್ದಾರೆ. ಬೇಸರವೇನೂ ಇರಲಿಲ್ಲ. ಪಾಯಸ ಬಡಿಸುವ ಹೊತ್ತಿಗೆ ಮಾತು ಅಲ್ಲಿಗೇ ಬಂತು. "ಮಳೆಗಾಲದಲ್ಲಿ ಹಾಳೆ ಸಿಗುವುದಿಲ್ಲ, ಗೋದಾಮಿಗೂ ಸ್ವಲ್ಪ ಸಾಲ ಸೇರಿಸಿ ಕೊಡಿ ಎಂದು ನಾನು ಅವತ್ತೇ ಹೇಳಿದ್ದೆ ಸಾರ್," ಎಂದರು. "ನೀವು ಫೋನಿನಲ್ಲಿದ್ದಿರಿ."

ಇರಬಹುದು. ಮಾರ್ಚ್ 27, ಫೋನು ಬಂದೇ ಬಂದಿರುತ್ತದೆ. ಅಥವಾ ಬೂಷ್ಟು ಹಿಡಿದ ಹಾಳೆಗಳನ್ನು ನೋಡಿದ ಮೇಲೆ ಅವರ ನೆನಪೂ ನನ್ನದರಂತೆಯೇ ಒಂದು ಸಂಜೆಯನ್ನು ಹಿಂದಕ್ಕೆ ಒಯ್ದು ಅಂಟಿಸಿಕೊಂಡಿರಬಹುದು. ಫೈಲಿನಲ್ಲಿ ಇಲ್ಲ. ಆ ದಿನ ನಮ್ಮಿಬ್ಬರಲ್ಲಿ ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಅಷ್ಟರಲ್ಲಿ ಮಜ್ಜಿಗೆ ಬಂತು.